ಮೂರ್‌ಲ್ಯಾಂಡ್‌ನಲ್ಲಿ ಬಿದ್ದ ವಿಮಾನಗಳ ಜಾಗಕ್ಕೆ ಹೋಗುವುದು ಹೇಗೆ: ಇಂಗ್ಲೆಂಡಿನ ಬ್ಲೀಕ್‌ಲೋ ಬೆಟ್ಟಕ್ಕೊಂದು ಸಮಗ್ರ ಮಾರ್ಗದರ್ಶಿ

ಮ್ಯಾಂಚೆಸ್ಟರ್‌ನಿಂದ ಶೆಫೀಲ್ಡ್‌ಗೆ ಎ57 ರಸ್ತೆಯಲ್ಲಿ ಹೋದವರಿಗೆ ಸ್ನೇಕ್ ಪಾಸ್ ಗೊತ್ತಿರುತ್ತದೆ. ಗ್ಲಾಸಪ್ ಊರು ದಾಟಿದ ಮೇಲೆ ತಿರುವು ತಿರುವಾಗಿ ಏರುವ ಘಾಟಿ ರಸ್ತೆ ಅದು. ನೆತ್ತಿಗೆ ಬಂದರೆ ಮರವಿಲ್ಲ, ಮನೆಯಿಲ್ಲ. ಎರಡೂ ಕಡೆ ಹುಲ್ಲು, ಹೀದರ್ ಗಿಡ, ಕಪ್ಪು ಕೆಸರು ತುಂಬಿದ ಬೋಳು ಬೆಟ್ಟ. ಇದನ್ನೇ ಅಲ್ಲಿನವರು ಮೂರ್‌ಲ್ಯಾಂಡ್ ಅನ್ನುತ್ತಾರೆ.

ಈ ಪೀಕ್ ಡಿಸ್ಟ್ರಿಕ್ಟ್ ಸೀಮೆಯ ಬೆಟ್ಟಗಳಲ್ಲಿ ಐವತ್ತಕ್ಕೂ ಜಾಸ್ತಿ ವಿಮಾನಗಳು ಬಿದ್ದಿವೆ. ಹೆಚ್ಚಿನವು ಎರಡನೇ ಮಹಾಯುದ್ಧದ ಕಾಲದವು, ಕೆಲವು ಯುದ್ಧ ಮುಗಿದ ಮೇಲಿನವು. ಬಹುಪಾಲು ಶತ್ರುಗಳ ಗುಂಡಿಗೆ ಬಿದ್ದವಲ್ಲ. ಮೋಡದಲ್ಲಿ ದಾರಿ ತಪ್ಪಿ ಬೆಟ್ಟಕ್ಕೆ ಬಡಿದವು. ಅವುಗಳ ಎಂಜಿನ್ನು, ರೆಕ್ಕೆಯ ಚೂರು, ಚಕ್ರದ ಕಾಲು ಇವತ್ತಿಗೂ ಬಿದ್ದ ಜಾಗದಲ್ಲೇ ಇವೆ. ಟಿಕೆಟ್ ಇಲ್ಲ, ಬೇಲಿ ಇಲ್ಲ, ಕಾವಲಿನವರಿಲ್ಲ. ನಡೆದು ಹೋಗಿ ನೋಡಬಹುದು.

ಹಾಗಂತ ಸುಮ್ನೆ ಭಾನುವಾರ ಮಧ್ಯಾಹ್ನ ಕಾರು ನಿಲ್ಲಿಸಿ ಹತ್ತಿಬಿಡುವ ಜಾಗವೂ ಅಲ್ಲ. ವಿಮಾನಗಳನ್ನು ಕೆಡವಿದ ಮೋಡ ಅಲ್ಲಿಂದ ಎಲ್ಲಿಗೂ ಹೋಗಿಲ್ಲ. ಇಂಗ್ಲೆಂಡಿನಲ್ಲಿ ಓದು, ಕೆಲಸ ಅಂತ ಇರುವ ನಮ್ಮವರು ಈಗ ತುಂಬಾ ಜನ ಈ ಬೆಟ್ಟಗಳಿಗೆ ಹೋಗುತ್ತಿದ್ದಾರೆ. ಅವರಿಗೆ ಉಪಯೋಗವಾಗಲಿ ಅಂತ, ಅಲ್ಲಿನ ಬ್ಲೀಕ್‌ಲೋ ಅನ್ನುವ ಒಂದೇ ಬೆಟ್ಟವನ್ನು ಹಿಡಿದು ಮೊದಲಿನಿಂದ ಕೊನೆಯವರೆಗೆ ಬರೆಯುತ್ತಿದ್ದೇನೆ. ಈ ಕ್ರಮ ಗೊತ್ತಾದರೆ ಸ್ಕಾಟ್ಲೆಂಡ್, ವೇಲ್ಸ್, ಯಾರ್ಕ್‌ಶೈರ್ ಎಲ್ಲಿಗಾದರೂ ಹೋಗಬಹುದು.

ಮೊದಲು ಅಪಘಾತದ ಕಥೆ ತಿಳಿದುಕೊಳ್ಳಿ

ಕಥೆ ಗೊತ್ತಿಲ್ಲದೆ ಹೋದರೆ ಕಾಣುವುದು ತಗಡಿನ ಚೂರುಗಳು ಅಷ್ಟೇ. ಆದ್ದರಿಂದ ಮೊದಲ ಕೆಲಸ ಮನೆಯಲ್ಲೇ ಆಗಬೇಕು.

ಬ್ಲೀಕ್‌ಲೋ ಮೇಲೆ ಬಿದ್ದವುಗಳಲ್ಲಿ ಎಲ್ಲರಿಗೂ ಗೊತ್ತಿರುವುದು ಅಮೆರಿಕದ ಬಿ-29 ಸೂಪರ್‌ಫೋರ್ಟ್ರೆಸ್. ಅದರ ಹೆಸರು ‘ಓವರ್ ಎಕ್ಸ್‌ಪೋಸ್ಡ್’. ಯುದ್ಧಕಾಲದಲ್ಲಿ ಹುಟ್ಟಿದ ಬಾಂಬರ್ ಜಾತಿ, ಆದರೆ ಇದು ಫೋಟೋ ತೆಗೆಯುವ ಕೆಲಸಕ್ಕೆ ಮಾರ್ಪಡಿಸಿದ ವಿಮಾನ. 1946ರಲ್ಲಿ ಬಿಕಿನಿ ದ್ವೀಪದಲ್ಲಿ ಅಮೆರಿಕ ಅಣುಬಾಂಬ್ ಪರೀಕ್ಷೆ ಮಾಡಿದಾಗ ಅದರ ಚಿತ್ರ ತೆಗೆದ ವಿಮಾನಗಳಲ್ಲಿ ಇದೂ ಒಂದು. ಅಷ್ಟು ದೂರ ಹೋಗಿ ಬಂದದ್ದು 1948ರ ನವೆಂಬರ್ 3ರಂದು ಒಂದು ಚಿಕ್ಕ ಪ್ರಯಾಣದಲ್ಲಿ ಮುಗಿದುಹೋಯಿತು. ಪೂರ್ವದ ಲಿಂಕನ್‌ಶೈರ್‌ನ ಸ್ಕ್ಯಾಂಪ್ಟನ್‌ನಿಂದ ಪಶ್ಚಿಮದ ಬರ್ಟನ್‌ವುಡ್‌ಗೆ ಹೋಗಬೇಕಿತ್ತು. ಅರ್ಧ ಗಂಟೆಯೂ ಹಿಡಿಯದ ದೂರ. ನಡುವೆ ಈ ಬೆಟ್ಟಗಳು, ಬೆಟ್ಟದ ಮೇಲೆ ಮೋಡ. ಹೊರಟು ಇಷ್ಟು ಹೊತ್ತಾಯಿತು, ಬೆಟ್ಟ ದಾಟಿರಬೇಕು ಅನ್ನುವ ಲೆಕ್ಕದಲ್ಲಿ ವಿಮಾನ ಮೋಡದೊಳಗೆ ಇಳಿಯಿತು ಅನ್ನುವುದೇ ಎಲ್ಲರೂ ಒಪ್ಪುವ ವಿವರಣೆ. ಬೆಟ್ಟ ದಾಟಿರಲಿಲ್ಲ. ಕ್ಯಾಪ್ಟನ್ ಲ್ಯಾಂಡನ್ ಟ್ಯಾನರ್ ಸೇರಿ ಒಳಗಿದ್ದ 13 ಜನರೂ ತೀರಿಕೊಂಡರು.

ಅಲ್ಲೇ ಸುಮಾರು ಒಂದು ಕಿಲೋಮೀಟರ್ ಪಶ್ಚಿಮಕ್ಕೆ ಜೇಮ್ಸಸ್ ಥಾರ್ನ್ ಅನ್ನುವ ಏಣು ಇದೆ. 1945ರ ಮೇ 18ರ ರಾತ್ರಿ ಕೆನಡಾ ವಾಯುಪಡೆಯ 408ನೇ ಸ್ಕ್ವಾಡ್ರನ್‌ನ ಲ್ಯಾಂಕಾಸ್ಟರ್ ಬಾಂಬರ್ ಅಲ್ಲಿಗೆ ಬಡಿಯಿತು. ಆರು ಜನ ಹೋದರು. ತಾರೀಖು ಗಮನಿಸಿ. ಯುರೋಪಿನಲ್ಲಿ ಯುದ್ಧ ಮುಗಿದದ್ದು ಮೇ 8ಕ್ಕೆ. ಇನ್ನು ಊರಿಗೆ ವಾಪಸ್ ಅಂತ ಕಾಯುತ್ತಿದ್ದ ಹುಡುಗರು ಅವರು. ಎರಡು ತಿಂಗಳಾದ ಮೇಲೆ, ಜುಲೈ 24ರಂದು, ಅದೇ ಏಣಿನ ಹತ್ತಿರ ಅಮೆರಿಕದ ಸಿ-47 ಸಾಗಣೆ ವಿಮಾನ ಬಿತ್ತು. ಅದರಲ್ಲಿದ್ದ ಏಳು ಜನರೂ ತೀರಿಕೊಂಡರು. ಒಂದೇ ಬೆಟ್ಟ ಮತ್ತೆ ಮತ್ತೆ ವಿಮಾನಗಳನ್ನು ಹಿಡಿದದ್ದು ಯಾಕೆ?

ಅದಕ್ಕೆ ಉತ್ತರ ಆ ಕಾಲದಲ್ಲಿ ದಾರಿ ಕಂಡುಹಿಡಿಯುತ್ತಿದ್ದ ರೀತಿಯಲ್ಲಿದೆ. ಜಿಪಿಎಸ್ ಇರಲಿಲ್ಲ. ಇಷ್ಟು ವೇಗ, ಇಷ್ಟು ಹೊತ್ತು, ಈ ದಿಕ್ಕು, ಅಂದಮೇಲೆ ನಾವು ಇಲ್ಲಿದ್ದೇವೆ ಅನ್ನುವ ಲೆಕ್ಕ. ಎದುರುಗಾಳಿ ಅಂದುಕೊಂಡದ್ದಕ್ಕಿಂತ ಜೋರಾಗಿದ್ದರೆ ವಿಮಾನ ಲೆಕ್ಕಕ್ಕಿಂತ ಹಿಂದೆ ಉಳಿಯುತ್ತದೆ. ಎತ್ತರ ತೋರಿಸುವ ಮೀಟರ್ ಗಾಳಿಯ ಒತ್ತಡ ನೋಡಿ ಓಡುವಂಥದ್ದು, ಹವೆ ಬದಲಾದರೆ ಅದೂ ತಪ್ಪು ಹೇಳುತ್ತದೆ. ಯುದ್ಧಕಾಲದಲ್ಲಿ ಊರುಗಳ ದೀಪವೆಲ್ಲ ಆರಿಸಿರುತ್ತಿದ್ದರು. ಇನ್ನೂ ಕಲಿಯುತ್ತಿದ್ದ ಎಳೆಯ ಪೈಲಟ್‌ಗಳು ಬೇರೆ. ಎಲ್ಲಿದ್ದೇವೆ ಅಂತ ನೋಡಲು ಮೋಡದಿಂದ ಸ್ವಲ್ಪ ಕೆಳಗಿಳಿದರೆ ಬೆಟ್ಟದ ನೆತ್ತಿ ಎದುರಿಗೇ ಇರುತ್ತಿತ್ತು.

ಇದನ್ನು ಇಷ್ಟು ಹೇಳಿದ್ದಕ್ಕೆ ಕಾರಣ ಇದೆ. ಮಂಜಿನಲ್ಲಿ ನಡೆಯುವವರೂ ಇದೇ ತಪ್ಪು ಮಾಡುತ್ತಾರೆ. ‘ಒಂದು ಗಂಟೆ ನಡೆದೆವಲ್ಲ, ಇಷ್ಟೊತ್ತಿಗೆ ತಿರುವು ಬಂದಿರಬೇಕು’ ಅಂತ ತಿರುಗಿಬಿಡುತ್ತಾರೆ. ನಡೆದ ಹೊತ್ತನ್ನು ಮಾತ್ರ ನಂಬಿ ತಿರುಗಬೇಡಿ. ನೆಲದ ಮೇಲೆ ಒಂದು ಗುರುತು ಸಿಕ್ಕಿದ ಮೇಲೆ ತಿರುಗಿ. ಈ ಮಾರ್ಗದರ್ಶಿಯಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಇಡೀ ವಿಮಾನವನ್ನು ಒಮ್ಮೆ ನೋಡಿ ಬನ್ನಿ

ಇದನ್ನು ಹೆಚ್ಚಿನವರು ಹೇಳುವುದಿಲ್ಲ, ಆದರೆ ನನ್ನ ಪ್ರಕಾರ ತುಂಬಾ ಮುಖ್ಯ. ಕೇಂಬ್ರಿಡ್ಜ್ ಹತ್ತಿರದ ಡಕ್ಸ್‌ಫರ್ಡ್‌ನಲ್ಲಿ ಇಂಪೀರಿಯಲ್ ವಾರ್ ಮ್ಯೂಸಿಯಂನವರು ಒಂದು ಬಿ-29 ಇಟ್ಟಿದ್ದಾರೆ. ಲಂಡನ್ನಿನ ಹೆಂಡನ್‌ನಲ್ಲಿರುವ ಆರ್‌ಎಎಫ್ (ಬ್ರಿಟನ್ನಿನ ವಾಯುಪಡೆ) ಮ್ಯೂಸಿಯಂನಲ್ಲಿ ಲ್ಯಾಂಕಾಸ್ಟರ್ ಇದೆ. ರೆಕ್ಕೆಯ ತುದಿಯಿಂದ ತುದಿಗೆ 43 ಮೀಟರ್ ಇರುವ ಬಿ-29 ಕೆಳಗೆ ನಿಂತು, ಎಂಜಿನ್ ಎಲ್ಲಿದೆ, ಚಕ್ರ ಎಲ್ಲಿ ಮಡಚಿಕೊಳ್ಳುತ್ತದೆ, ಗನ್ ಕೂರಿಸುವ ಬಳೆ ಯಾವುದು ಅಂತ ಕಣ್ಣಿನಲ್ಲಿ ತುಂಬಿಕೊಂಡರೆ, ಬೆಟ್ಟದ ಮೇಲಿನ ಚೂರುಗಳು ಒಂದೊಂದಾಗಿ ಗುರುತು ಸಿಗುತ್ತವೆ.

ಹೆಂಡನ್‌ಗೆ ಹೋದರೆ ಅಲ್ಲಿನ ಲಿಬರೇಟರ್ ಬಾಂಬರನ್ನೂ ನೋಡಲೇಬೇಕು, ಅದರಲ್ಲೂ ನಾವು. ಯುದ್ಧ ಮುಗಿದ ಮೇಲೆ ಬ್ರಿಟಿಷರು ಕಾನ್ಪುರದಲ್ಲಿ ಲಿಬರೇಟರ್‌ಗಳನ್ನು ಕೆಲಸಕ್ಕೆ ಬಾರದ ಹಾಗೆ ಹಾಳುಮಾಡಿ ಬಿಟ್ಟುಹೋದರು. ಅವುಗಳನ್ನು ಬೆಂಗಳೂರಿನ ಎಚ್‌ಎಎಲ್ ಕಾರ್ಖಾನೆಗೆ ತಂದು, ರಿಪೇರಿ ಮಾಡಿ, ಮತ್ತೆ ಹಾರಿಸಿದರು. ಭಾರತೀಯ ವಾಯುಪಡೆ ಅವನ್ನು 1968ರವರೆಗೆ ಬಳಸಿತು. ಅದರಲ್ಲೊಂದು ಈಗ ಆ ಮ್ಯೂಸಿಯಂನಲ್ಲಿದೆ. ಬ್ಲೀಕ್‌ಲೋದ ದಕ್ಷಿಣಕ್ಕಿರುವ ಮಿಲ್ ಹಿಲ್ ಪಕ್ಕದಲ್ಲಿ ಇದೇ ಜಾತಿಯ ವಿಮಾನದ ಅವಶೇಷ ಬಿದ್ದಿದೆ. ಎಚ್‌ಎಎಲ್‌ನಲ್ಲಿ ಕೆಲಸ ಮಾಡಿದ ಅಜ್ಜನೋ ಅಪ್ಪನೋ ನಿಮಗಿದ್ದರೆ ಆ ತಗಡು ನಿಮಗೆ ಪರಕೀಯ ಅನ್ನಿಸುವುದಿಲ್ಲ.

ಮೊದಲ ಸಲ ಯಾವ ಜಾಗಕ್ಕೆ ಹೋಗಬೇಕು

ಮೂರ್‌ಲ್ಯಾಂಡ್ ನಡಿಗೆ ಅಭ್ಯಾಸವೇ ಇಲ್ಲದಿದ್ದರೆ ಮೊದಲು ಮಿಲ್ ಹಿಲ್‌ಗೆ ಹೋಗಿ. ಸ್ನೇಕ್ ಪಾಸ್ ನೆತ್ತಿಯಿಂದ ದಕ್ಷಿಣಕ್ಕೆ ಪೆನೈನ್ ವೇ ಅನ್ನುವ ಕಾಲುದಾರಿ ಹಿಡಿದರೆ, ದೊಡ್ಡ ದೊಡ್ಡ ಚಪ್ಪಡಿ ಕಲ್ಲು ಹಾಸಿದ ದಾರಿಯೇ 544 ಮೀಟರ್ ಎತ್ತರದ ಮಿಲ್ ಹಿಲ್‌ವರೆಗೆ ಕರೆದುಕೊಂಡು ಹೋಗುತ್ತದೆ. ಅಲ್ಲಿಂದ ಪಶ್ಚಿಮಕ್ಕೆ ಹೋಗುವ ದಾರಿಯ ಹತ್ತಿರ ಲಿಬರೇಟರ್‌ನ ಚೂರುಗಳಿವೆ. ಇದು 1944ರ ಅಕ್ಟೋಬರ್ 11ರಂದು ಬರ್ಟನ್‌ವುಡ್‌ನಿಂದ ನಾರ್ಫೋಕ್‌ನ ಹಾರ್ಡ್‌ವಿಕ್‌ಗೆ ಹೊರಟಿದ್ದ ವಿಮಾನ. ಒಳಗಿದ್ದ ಇಬ್ಬರೂ ಬದುಕಿದರು. ಮೊದಲ ಸಲ ನೋಡುವ ಜಾಗದಲ್ಲಿ ಯಾರೂ ಸತ್ತಿಲ್ಲ ಅನ್ನುವುದು ಮನಸ್ಸಿಗೂ ಸ್ವಲ್ಪ ಹಗುರ, ಮಕ್ಕಳನ್ನು ಕರೆದುಕೊಂಡು ಹೋಗುವವರಿಗೆ ಇನ್ನೂ ಒಳ್ಳೆಯದು.

ಅದು ಸಲೀಸಾಯಿತು ಅನ್ನಿಸಿದರೆ ಎರಡನೇ ನಡಿಗೆಗೆ ‘ಓವರ್ ಎಕ್ಸ್‌ಪೋಸ್ಡ್’ ಇಟ್ಟುಕೊಳ್ಳಿ. ಮೂರನೆಯದಾಗಿ ಓಲ್ಡ್ ಗ್ಲಾಸಪ್‌ನಿಂದ ಹತ್ತಿ ಜೇಮ್ಸಸ್ ಥಾರ್ನ್‌ನ ಲ್ಯಾಂಕಾಸ್ಟರ್ ಸ್ಮಾರಕವನ್ನೂ ಸೇರಿಸಿಕೊಂಡು ಇಡೀ ದಿನದ ಸುತ್ತು. ಹಳ್ಳದ ಕೊರಕಲಿನಲ್ಲಿರುವ ಸಿ-47 ಚೂರುಗಳಿಗೆ ಕಡಿದಾದ ಇಳಿಜಾರಿನಲ್ಲಿ ಇಳಿಯಬೇಕು. ಅದು ಅನುಭವ ಇದ್ದವರಿಗೆ ಮಾತ್ರ.

ಕಾನೂನು ಏನು ಹೇಳುತ್ತದೆ

1986ರಲ್ಲಿ ಬ್ರಿಟನ್ ಸೇನಾ ಅವಶೇಷಗಳ ರಕ್ಷಣೆಗೆ ಅಂತಲೇ ಒಂದು ಕಾಯ್ದೆ ತಂದಿತು. ಅದರ ಪ್ರಕಾರ ಸೇನಾ ಕೆಲಸದಲ್ಲಿದ್ದಾಗ ಬಿದ್ದ ಪ್ರತಿ ವಿಮಾನದ ಅವಶೇಷವೂ ತಾನೇ ತಾನಾಗಿ ರಕ್ಷಿತ. ಬೋರ್ಡು ಹಾಕಿರಬೇಕು, ಪಟ್ಟಿಯಲ್ಲಿ ಹೆಸರಿರಬೇಕು ಅಂತೇನಿಲ್ಲ. ರಕ್ಷಣಾ ಸಚಿವಾಲಯದ ಪರವಾನಗಿ ಇಲ್ಲದೆ ಅಗೆಯುವುದು, ಕದಲಿಸುವುದು, ತೆಗೆದುಕೊಂಡು ಹೋಗುವುದು ಅಪರಾಧ. ನೋಡಬಹುದು, ಫೋಟೋ ತೆಗೆಯಬಹುದು. ಅಷ್ಟೇ. ಒಂದು ಮೊಳೆ ಜೇಬಿಗೆ ಹಾಕಿಕೊಂಡರೂ ತಪ್ಪು ತಪ್ಪೇ.

ನಡೆಯುವ ಹಕ್ಕಿನ ವಿಷಯ. 2000ದ ಕಾಯ್ದೆಯೊಂದರಿಂದ ಇಂಗ್ಲೆಂಡ್ ಮತ್ತು ವೇಲ್ಸ್‌ನ ಹೆಚ್ಚಿನ ಮೂರ್‌ಲ್ಯಾಂಡ್ ಎಲ್ಲರೂ ಕಾಲ್ನಡಿಗೆಯಲ್ಲಿ ಓಡಾಡಬಹುದಾದ ಜಾಗ. ದಾರಿ ಬಿಟ್ಟು ನಡೆದರೂ ಯಾರೂ ತಡೆಯುವಂತಿಲ್ಲ. ಆದರೆ ಕಾಡ್ಗಿಚ್ಚಿನ ಭಯ ಇದ್ದಾಗ, ಕೆಲವು ಕಡೆ ಗ್ರೌಸ್ ಹಕ್ಕಿಯ ಬೇಟೆ ನಡೆಯುವಾಗ ಸ್ವಲ್ಪ ದಿನ ಮುಚ್ಚುತ್ತಾರೆ. ಬೇಟೆಯ ಕಾಲ ಆಗಸ್ಟ್ 12ರಿಂದ ಡಿಸೆಂಬರ್ 10. ನಾಯಿ ಜೊತೆಗಿದ್ದರೆ ಮಾರ್ಚ್ 1ರಿಂದ ಜುಲೈ 31ರವರೆಗೆ ಹಗ್ಗ ಬಿಡುವಂತಿಲ್ಲ. ನೆಲದ ಮೇಲೆ ಗೂಡು ಕಟ್ಟುವ ಕರ್ಲ್ಯೂ, ಗೋಲ್ಡನ್ ಪ್ಲೋವರ್ ಹಕ್ಕಿಗಳ ಕಾಲ ಅದು. ಬೆಂಕಿ ಹಚ್ಚುವ ಮಾತೇ ಬೇಡ. ಪೀಟ್ ಅನ್ನುವ ಇಲ್ಲಿನ ಕಪ್ಪು ಮಣ್ಣಿಗೆ ಒಮ್ಮೆ ಕಿಡಿ ಇಳಿದರೆ ಒಳಗೊಳಗೇ ದಿನಗಟ್ಟಲೆ ಉರಿಯುತ್ತದೆ.

ಯಾವಾಗ ಹೋಗಬೇಕು

ಮೇ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ ಒಳ್ಳೆಯದು. ಜೂನ್‌ನಲ್ಲಿ ರಾತ್ರಿ ಒಂಬತ್ತೂವರೆಯ ತನಕ ಬೆಳಕಿರುತ್ತದೆ. ಡಿಸೆಂಬರ್‌ನಲ್ಲಿ ನಾಲ್ಕು ಗಂಟೆಗೆಲ್ಲ ಸೂರ್ಯ ಮುಳುಗುತ್ತಾನೆ. ಮೊದಲ ಸಲ ಹೋಗುವವರು ಚಳಿಗಾಲದಲ್ಲಿ ಹೋಗಬೇಡಿ.

ಬೆಟ್ಟದ ಎತ್ತರ ನೋಡಿ ಮೋಸ ಹೋಗಬೇಡಿ. ಬ್ಲೀಕ್‌ಲೋ ನೆತ್ತಿ 633 ಮೀಟರ್. ನಮ್ಮ ಮುಳ್ಳಯ್ಯನಗಿರಿ 1,930 ಮೀಟರ್ ಇದೆ, ಇದರ ಮೂರರಷ್ಟು. ‘ಅಯ್ಯೋ ಇಷ್ಟೇನಾ’ ಅನ್ನಿಸುತ್ತದೆ. ಆದರೆ ಈ ಜಾಗ ಇರುವುದು ಭೂಮಿಯ ಎಷ್ಟೋ ಉತ್ತರಕ್ಕೆ. ಕೆಳಗೆ ಗ್ಲಾಸಪ್‌ನಲ್ಲಿ ಜಾಕೆಟ್ ಬೇಡ ಅನ್ನಿಸುವ ದಿನವೂ ಮೇಲೆ ಮೂರ್ನಾಲ್ಕು ಡಿಗ್ರಿ ಕಡಿಮೆ, ಮೇಲಿಂದ ತಡೆಯೇ ಇಲ್ಲದ ಗಾಳಿ. ಬಟ್ಟೆ ಒದ್ದೆಯಾಗಿ ಆ ಗಾಳಿಗೆ ಸಿಕ್ಕಿದರೆ ಬೇಸಿಗೆಯಲ್ಲೂ ಮೈ ನಡುಗಲು ಶುರುವಾಗುತ್ತದೆ.

ಬ್ರಿಟನ್ನಿನ ಹವಾಮಾನ ಇಲಾಖೆ, ಅಂದರೆ ಮೆಟ್ ಆಫೀಸ್, ಪೀಕ್ ಡಿಸ್ಟ್ರಿಕ್ಟ್‌ಗೆ ಅಂತಲೇ ಬೆಟ್ಟದ ಮುನ್ಸೂಚನೆ ಕೊಡುತ್ತದೆ. ಊರಿನ ಮುನ್ಸೂಚನೆ ಅಲ್ಲ, ಅದನ್ನು ನೋಡಿ. ಮಳೆಗಿಂತ ಮುಖ್ಯವಾಗಿ ಮೋಡ ಎಷ್ಟು ಎತ್ತರದಲ್ಲಿ ಕೂರುತ್ತದೆ ಅಂತ ಓದಿ. 600 ಮೀಟರ್‌ಗಿಂತ ಕೆಳಗೆ ಅಂತಿದ್ದರೆ ನಿಮ್ಮ ಜಾಗ ಪೂರ್ತಿ ಮೋಡದೊಳಗೆ. ಅವತ್ತು ಮಿಲ್ ಹಿಲ್ ಸಾಕು, ಅಥವಾ ಡಕ್ಸ್‌ಫರ್ಡ್‌ಗೆ ಹೋಗಿ ಬನ್ನಿ.

ಏನೇನು ಬೇಕು

ಎಲ್ಲಕ್ಕಿಂತ ಮೊದಲು ಕಾಲಿಗೆ. ಪೀಟ್ ಅಂದರೆ ಸಾವಿರಾರು ವರ್ಷ ಕೊಳೆತ ಗಿಡದಿಂದ ಆದ ಕಪ್ಪು ಮಣ್ಣು. ನೀರು ಹೀರಿಕೊಂಡು ಉಬ್ಬಿರುತ್ತದೆ. ಗಟ್ಟಿ ನೆಲ ಅಂತ ಕಾಲಿಟ್ಟರೆ ಮೊಣಕಾಲಿನವರೆಗೆ ಇಳಿಯಬಹುದು. ಸ್ಪೋರ್ಟ್ಸ್ ಶೂ ಒಳಗೇ ಉಳಿದು ಕಾಲು ಮಾತ್ರ ಹೊರಗೆ ಬರುತ್ತದೆ. ಕಣಕಾಲು ಮುಚ್ಚುವ ಬೂಟು, ಅದರ ಮೇಲೆ ಗೇಟರ್, ಅಂದರೆ ಮೊಣಕಾಲಿನ ಕೆಳಗೆ ಸುತ್ತುವ ಕವಚ, ಇದ್ದರೆ ನೆಮ್ಮದಿ. ಜೀನ್ಸ್ ಬೇಡ. ಒದ್ದೆಯಾದರೆ ಒಣಗುವುದೇ ಇಲ್ಲ.

ಮಳೆ ಅಂಗಿ ಮತ್ತು ಮಳೆ ಪ್ಯಾಂಟು, ಒಂದು ಹೆಚ್ಚುವರಿ ಸ್ವೆಟರ್, ಟೋಪಿ, ಗ್ಲೌಸ್, ತಲೆಗೆ ಕಟ್ಟುವ ಟಾರ್ಚು, ಸೀಟಿ. ಸಂಜೆಯೊಳಗೆ ಬರುತ್ತೇನೆ ಅಂದುಕೊಂಡಿದ್ದರೂ ಟಾರ್ಚು ಬೇಕೇ ಬೇಕು. ಸ್ನೇಕ್ ಪಾಸ್ ನೆತ್ತಿಯಲ್ಲಿ ಅಂಗಡಿ, ಹೋಟೆಲ್, ಶೌಚಾಲಯ ಏನೂ ಇಲ್ಲ. ಚಪಾತಿ ಸುರುಳಿ, ಚಿಕ್ಕಿ, ಫ್ಲಾಸ್ಕ್‌ನಲ್ಲಿ ಬಿಸಿ ಚಹಾ ಚೆನ್ನಾಗಿ ನಡೆಯುತ್ತದೆ. ಕೈ ಮರಗಟ್ಟಿದಾಗ ಡಬ್ಬಿ ಬಿಚ್ಚಿ ಅನ್ನ ಕಲಸಿ ತಿನ್ನುವುದು ಆಗುವ ಮಾತಲ್ಲ. ಒಂದು ಕೈಯಲ್ಲಿ ಹಿಡಿದು ತಿನ್ನುವಂಥದ್ದೇ ಇರಲಿ.

ಮಲೆನಾಡಿನವರಿಗೆ ಉಣುಗಿನ ಬಗ್ಗೆ ಹೇಳಬೇಕಿಲ್ಲ, ಮಂಗನ ಕಾಯಿಲೆ ಕಂಡವರು ಅವರು. ಇಲ್ಲಿಯೂ ಉಣುಗು ಇದೆ. ಇಲ್ಲಿ ಅದು ತರಬಹುದಾದದ್ದು ಲೈಮ್ ಕಾಯಿಲೆ. ಪ್ಯಾಂಟನ್ನು ಕಾಲುಚೀಲದೊಳಗೆ ಸಿಕ್ಕಿಸಿಕೊಳ್ಳಿ.

ನಕ್ಷೆ ಓದುವುದು

ಬೇಕಾದ್ದು ಬ್ರಿಟನ್ನಿನ ನಕ್ಷೆ ಸಂಸ್ಥೆಯಾದ ಆರ್ಡ್ನೆನ್ಸ್ ಸರ್ವೆಯವರ ಎಕ್ಸ್‌ಪ್ಲೋರರ್ ಸರಣಿಯ ಓಎಲ್1, ಡಾರ್ಕ್ ಪೀಕ್ ನಕ್ಷೆ. 1:25,000 ಅಳತೆ, ಅಂದರೆ ನಕ್ಷೆಯ ನಾಲ್ಕು ಸೆಂಟಿಮೀಟರ್ ನೆಲದ ಮೇಲೆ ಒಂದು ಕಿಲೋಮೀಟರ್. ಫೋನಿನಲ್ಲಿ ಆ್ಯಪ್ ಇರಲಿ, ತಪ್ಪಿಲ್ಲ. ಆದರೆ ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ, ಒದ್ದೆ ಬೆರಳಿಗೆ ಸ್ಕ್ರೀನ್ ಕೇಳುವುದಿಲ್ಲ. ಕಾಗದದ ನಕ್ಷೆ, ದಿಕ್ಸೂಚಿ ಎರಡೂ ಜೊತೆಗಿರಬೇಕು.

ಬಿ-29 ಇರುವ ಜಾಗದ ಗ್ರಿಡ್ ಸಂಖ್ಯೆ ಎಸ್‌ಕೆ 090 949. ಎಸ್‌ಕೆ ಅಂದರೆ ನಕ್ಷೆಯ ದೊಡ್ಡ ಚೌಕದ ಹೆಸರು. ಅದರೊಳಗೆ ಮೊದಲ ಮೂರು ಅಂಕಿ ಎಡದಿಂದ ಬಲಕ್ಕೆ, ಕೊನೆಯ ಮೂರು ಕೆಳಗಿನಿಂದ ಮೇಲಕ್ಕೆ. ಆರು ಅಂಕಿಯ ಸಂಖ್ಯೆ ತೋರಿಸುವುದು ಒಂದು ಬಿಂದುವನ್ನಲ್ಲ, ನೂರು ಮೀಟರ್ ಉದ್ದ ನೂರು ಮೀಟರ್ ಅಗಲದ ಚೌಕವನ್ನು. ಮಂಜಿನಲ್ಲಿ ಹತ್ತು ಮೀಟರ್ ಆಚೆ ಕಾಣದಿದ್ದಾಗ ನೂರು ಮೀಟರ್ ಚೌಕ ತುಂಬಾ ದೊಡ್ಡದು. ಆದ್ದರಿಂದ ಪಕ್ಕದಲ್ಲಿ ಗಟ್ಟಿಯಾದ ಒಂದು ಗುರುತು ಬೇಕು.

ಇಲ್ಲಿ ಆ ಗುರುತು ಹೈಯರ್ ಶೆಲ್ಫ್ ಸ್ಟೋನ್ಸ್ ಮೇಲಿನ ಬಿಳಿ ಸರ್ವೆ ಕಂಬ, 621 ಮೀಟರ್ ಎತ್ತರದಲ್ಲಿದೆ. ವಿಮಾನ ಇರುವುದು ಅಲ್ಲಿಂದ ಈಶಾನ್ಯಕ್ಕೆ ಹೆಚ್ಚುಕಡಿಮೆ 200 ಮೀಟರ್ ದೂರದಲ್ಲಿ. ಮೊದಲು ಕಂಬ ಹುಡುಕಿ. ಕಂಬಕ್ಕೆ ಬೆನ್ನು ಕೊಟ್ಟು ನಕ್ಷೆಯ ಮೇಲೆ ದಿಕ್ಸೂಚಿಯ ಅಂಚು ಇಟ್ಟು ದಿಕ್ಕು ತೆಗೆದುಕೊಳ್ಳಿ. ಆ ದಿಕ್ಕಿನಲ್ಲಿ ಕಾಣುವ ಒಂದು ಹುಲ್ಲಿನ ಗುಡ್ಡೆಯನ್ನೋ ಕಲ್ಲನ್ನೋ ನೋಡಿಟ್ಟು ಅಲ್ಲಿಗೆ ನಡೆಯಿರಿ, ಅಲ್ಲಿಂದ ಇನ್ನೊಂದು. ಹೆಜ್ಜೆ ಎಣಿಸಿ. ನೂರು ಮೀಟರ್‌ಗೆ ನಿಮ್ಮ ಬಲಗಾಲು ಎಷ್ಟು ಸಲ ನೆಲ ಮುಟ್ಟುತ್ತದೆ ಅಂತ ಮನೆ ಹತ್ತಿರದ ಮೈದಾನದಲ್ಲೇ ಲೆಕ್ಕ ಹಾಕಿಟ್ಟುಕೊಳ್ಳಿ. ಸಾಮಾನ್ಯವಾಗಿ ಅರವತ್ತರಿಂದ ಎಪ್ಪತ್ತು ಬರುತ್ತದೆ, ಪೀಟ್ ಮೇಲೆ ಇನ್ನಷ್ಟು. ಅಷ್ಟು ಹೆಜ್ಜೆಯಾದರೂ ಏನೂ ಕಾಣದಿದ್ದರೆ ಮುಂದೆ ಹೋಗುತ್ತಲೇ ಇರಬೇಡಿ. ಕಂಬಕ್ಕೆ ವಾಪಸ್ ಬಂದು ಮತ್ತೆ ಹೊರಡಿ.

ಇನ್ನೊಂದು ವಿಷಯ. ವಿಮಾನದ ಎಂಜಿನ್ ಮೇಲೆ ದಿಕ್ಸೂಚಿ ಇಟ್ಟು ದಿಕ್ಕು ನೋಡಬೇಡಿ. ಅದರೊಳಗಿನ ಉಕ್ಕು ಮುಳ್ಳನ್ನು ಎಳೆಯುತ್ತದೆ. ವಾಪಸ್ ಹೊರಡುವಾಗ ಹಲವು ಹೆಜ್ಜೆ ದೂರ ಬಂದು ನೋಡಿ.

ಹೊತ್ತಿನ ಲೆಕ್ಕಕ್ಕೆ ಹಳೆಯ ಸೂತ್ರವೊಂದಿದೆ, ನೈಸ್ಮಿತ್ ಎಂಬವರದು. ಐದು ಕಿಲೋಮೀಟರ್‌ಗೆ ಒಂದು ಗಂಟೆ, 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಸ್ನೇಕ್ ಪಾಸ್‌ನಿಂದ ಹೋಗಿಬರಲು ಸುಮಾರು ಏಳು ಕಿಲೋಮೀಟರ್, ಏರು 150 ಮೀಟರ್ ಅಂತ ಹಿಡಿದರೆ ಒಂದು ಗಂಟೆ ನಲವತ್ತು ನಿಮಿಷ ಬರುತ್ತದೆ. ಅದು ಒಣ ನೆಲದ ಲೆಕ್ಕ. ಪೀಟ್‌ಗೆ ಅರ್ಧದಷ್ಟು ಸೇರಿಸಿ, ಮೇಲೆ ಒಂದು ಗಂಟೆ ನಿಲ್ಲುತ್ತೀರಿ. ನಾಲ್ಕು ಗಂಟೆ ಇಟ್ಟುಕೊಳ್ಳಿ.

ದಾರಿ

ಸ್ನೇಕ್ ಪಾಸ್ ನೆತ್ತಿಯಲ್ಲಿ ಪೆನೈನ್ ವೇ ರಸ್ತೆಯನ್ನು ದಾಟುತ್ತದೆ. ಕಾರು ನಿಲ್ಲಿಸಲು ಜಾಗ ತೀರಾ ಕಡಿಮೆ. ಹಿಮ, ಭೂಕುಸಿತ ಅಂತ ಈ ರಸ್ತೆ ಆಗಾಗ ಮುಚ್ಚುವುದೂ ಉಂಟು. ಬೆಳಿಗ್ಗೆ ರಸ್ತೆಯ ಸ್ಥಿತಿ, ನಿಲುಗಡೆಯ ನಿಯಮ ನೋಡಿಕೊಂಡೇ ಹೊರಡಿ. ಕಾರಿಲ್ಲದವರು ಮ್ಯಾಂಚೆಸ್ಟರ್ ಪಿಕಡಿಲಿಯಿಂದ ಗ್ಲಾಸಪ್‌ಗೆ ರೈಲಿನಲ್ಲಿ ಬಂದು, ಓಲ್ಡ್ ಗ್ಲಾಸಪ್‌ನಿಂದ ಡಾಕ್ಟರ್ಸ್ ಗೇಟ್ ಎಂಬ ಹಳೆಯ ದಾರಿ ಹಿಡಿದು ಹತ್ತಬಹುದು. ದೂರ ಹೆಚ್ಚುಕಡಿಮೆ ಎರಡರಷ್ಟು, ಆದರೆ ನನಗೆ ಕೇಳಿದರೆ ಅದೇ ಚೆಂದದ ದಾರಿ.

ನೆತ್ತಿಯಿಂದ ಹೊರಟರೆ ಉತ್ತರಕ್ಕೆ ಹೋಗಿ. ಶುರುವಿನಲ್ಲಿ ಚಪ್ಪಡಿ ಕಲ್ಲಿನ ಹಾಸು. ಹತ್ತಿರದಲ್ಲೇ ಡಾಕ್ಟರ್ಸ್ ಗೇಟ್ ಅಡ್ಡ ಬರುತ್ತದೆ, ಇದು ನಿಮ್ಮ ಮೊದಲ ಗುರುತು. ದಾಟಿ ನೇರ ಹೋದರೆ ದಾರಿ ಡೆವಿಲ್ಸ್ ಡೈಕ್ ಅನ್ನುವ ಉದ್ದನೆಯ ಕಾಲುವೆಯಂಥ ತಗ್ಗಿನೊಳಗೆ ಇಳಿಯುತ್ತದೆ. ಎರಡೂ ಕಡೆ ಪೀಟ್ ಗೋಡೆ, ಏನೂ ಕಾಣುವುದಿಲ್ಲ, ಗಾಳಿ ಮಾತ್ರ ತಲೆಯ ಮೇಲೆ ಹಾದುಹೋಗುತ್ತದೆ. ಅದರಿಂದ ಹೊರಬಂದ ಮೇಲೆ ಹರ್ನ್ ಕ್ಲಫ್ ಎಂಬ ಹಳ್ಳ ಸಿಗುತ್ತದೆ. ಇದು ಎರಡನೇ ಗುರುತು, ಇದೇ ಮುಖ್ಯ. ಪೆನೈನ್ ವೇ ಹಳ್ಳದ ಜೊತೆ ಬ್ಲೀಕ್‌ಲೋ ನೆತ್ತಿಯ ಕಡೆ ಹೋಗುತ್ತದೆ. ನೀವು ಇಲ್ಲಿ ಅದನ್ನು ಬಿಟ್ಟು ಎಡಕ್ಕೆ, ಪಶ್ಚಿಮದ ಕಡೆಗೆ, ಹೈಯರ್ ಶೆಲ್ಫ್ ಸ್ಟೋನ್ಸ್‌ಗೆ ತಿರುಗಬೇಕು. ಹಳ್ಳ ಸಿಗುವ ಮುಂಚೆ ತಿರುಗಬೇಡಿ.

ಇಲ್ಲಿಂದ ಮುಂದೆ ದಾರಿ ಅಸ್ಪಷ್ಟ. ಪೀಟ್ ನೆಲವನ್ನು ಮಳೆನೀರು ಕೊರೆದು ಆಳುದ್ದದ ಕಂದಕಗಳನ್ನು ಮಾಡಿರುತ್ತದೆ. ಅವುಗಳನ್ನು ಗ್ರಫ್ ಅನ್ನುತ್ತಾರೆ. ಒಂದರೊಳಗೆ ಇಳಿದರೆ ಅದು ಯಾವ ಕಡೆಗೋ ತಿರುಗಿಸಿ ಬಿಡುತ್ತದೆ. ಪ್ರತಿ ಸಲ ಮೇಲೆ ಬಂದಾಗ ದಿಕ್ಸೂಚಿ ನೋಡಿ. ಅಲ್ಲಲ್ಲಿ ನೆಲ ಹಸಿರಾಗಿ ಸ್ಫ್ಯಾಗ್ನಮ್ ಪಾಚಿ ತುಂಬಿರುತ್ತದೆ. ಹಿಂದೆ ಕಾರ್ಖಾನೆಗಳ ಹೊಗೆಯಿಂದ ಬೋಳಾಗಿದ್ದ ಈ ಬೆಟ್ಟವನ್ನು ವರ್ಷಗಟ್ಟಲೆ ಕಷ್ಟಪಟ್ಟು ಮತ್ತೆ ಹಸಿರು ಮಾಡುತ್ತಿದ್ದಾರೆ. ಆ ಪಾಚಿಯನ್ನು ತುಳಿಯದೆ ಸುತ್ತಿಕೊಂಡು ಹೋಗಿ. ಅದರ ಕೆಳಗೆ ನೀರಿರುತ್ತದೆ, ನಿಮಗೂ ಅದೇ ಒಳ್ಳೆಯದು.

ತಲುಪಿದ ಮೇಲೆ

ಮೊದಲು ಸ್ಮಾರಕದ ಕಲ್ಲಿನ ಹತ್ತಿರ ಹೋಗಿ. 1988ರಲ್ಲಿ ಇಟ್ಟದ್ದು. ಸುತ್ತ ಚಿಕ್ಕ ಚಿಕ್ಕ ಮರದ ಶಿಲುಬೆಗಳು, ಕೆಂಪು ಕಾಗದದ ಪಾಪಿ ಹೂಗಳು ಇರುತ್ತವೆ. ಕೆಲವು ಬಣ್ಣ ಮಾಸಿ ಬೆಳ್ಳಗಾಗಿವೆ, ಕೆಲವು ಹೊಸವು. ತೀರಿಕೊಂಡವರ ಹೆಸರು ಓದಿ. ಆಮೇಲೆ ಸುತ್ತ ನೋಡಿ.

ನಾಲ್ಕು ಎಂಜಿನ್‌ಗಳನ್ನು ಹುಡುಕಿ. ರೈಟ್ ಕಂಪನಿಯ ಆರ್-3350, ಒಂದೊಂದರಲ್ಲೂ 18 ಸಿಲಿಂಡರ್, ಒಂಬತ್ತೊಂಬತ್ತರ ಎರಡು ಸುತ್ತು. ಹತ್ತಿರ ಕೂತು ನೋಡಿದರೆ ಸಿಲಿಂಡರ್ ಮೈಮೇಲೆ ಗಾಳಿಗೆ ತಣ್ಣಗಾಗಲೆಂದು ಮಾಡಿದ ತೆಳು ತೆಳು ಪಟ್ಟಿಗಳು ಕಾಣುತ್ತವೆ. ಅವುಗಳ ಸಂದಿಯಲ್ಲಿ ಪೀಟ್ ತುಂಬಿ ಹುಲ್ಲು ಹುಟ್ಟಿರುತ್ತದೆ. ಉಕ್ಕಿನ ಭಾಗ ಕೆಂಪು ತುಕ್ಕು, ಅಲ್ಯೂಮಿನಿಯಂ ಭಾಗ ಬೂದು ಬಣ್ಣ, ಅಲ್ಲಲ್ಲಿ ಬಿಳಿ ಪುಡಿ. ರೆಕ್ಕೆಯ ತಗಡಿನ ಮೇಲೆ ರಿವೆಟ್‌ಗಳು ಇವತ್ತಿಗೂ ಒಂದೇ ಸಾಲಿನಲ್ಲಿ, ಒಂದೇ ಅಂತರದಲ್ಲಿ ಇವೆ. ಯಾವುದೋ ಕಾರ್ಖಾನೆಯಲ್ಲಿ ಯಾರೋ ಅಷ್ಟು ನೀಟಾಗಿ ಹೊಡೆದದ್ದು. ಚಕ್ರದ ಕಾಲುಗಳು, ಗನ್ ಕೂರಿಸುವ ದೊಡ್ಡ ಬಳೆಗಳು ಸ್ವಲ್ಪ ದೂರ ದೂರ ಚದುರಿವೆ.

ಮುಟ್ಟದೆ ನೋಡಿ. ತಗಡಿನ ಅಂಚು ಬ್ಲೇಡಿನ ಹಾಗಿರುತ್ತದೆ. ಹಳೆಯ ಮೀಟರ್‌ಗಳ ಮುಖಕ್ಕೆ ಕತ್ತಲಲ್ಲಿ ಹೊಳೆಯಲಿ ಅಂತ ರೇಡಿಯಂ ಬಣ್ಣ ಬಳಿಯುತ್ತಿದ್ದರು, ಅಂಥದ್ದೇನಾದರೂ ಕಂಡರೆ ಕೈಗೆತ್ತಿಕೊಳ್ಳಬೇಡಿ. ಗುಂಡಿನಂಥದ್ದು ಕಂಡರೆ ಅಲ್ಲೇ ಬಿಟ್ಟು ದೂರ ಬಂದು ಗ್ರಿಡ್ ಸಂಖ್ಯೆ ಬರೆದುಕೊಂಡು ಪೊಲೀಸರಿಗೆ ತಿಳಿಸಿ. ಎಂಜಿನ್ ಮೇಲೆ ಹತ್ತಿ ನಿಂತು ಸೆಲ್ಫಿ ಬೇಡ. ಚೂರುಗಳನ್ನು ಒಟ್ಟುಮಾಡಿ ಜೋಡಿಸಿ ಫೋಟೋ ತೆಗೆಯುವುದೂ ಬೇಡ. ಪ್ರತಿ ಚೂರು ಬಿದ್ದ ಜಾಗವೇ ವಿಮಾನ ಯಾವ ದಿಕ್ಕಿನಿಂದ ಬಂತು, ಹೇಗೆ ಒಡೆಯಿತು ಅಂತ ಹೇಳುತ್ತದೆ. ಅದು ಕದಲಿದರೆ ಆ ಮಾಹಿತಿ ಹೋಯಿತು.

ಅಪಘಾತವಾಗಿ ದಶಕಗಳಾದ ಮೇಲೆ ಸ್ಥಳೀಯರೊಬ್ಬರಿಗೆ ಇಲ್ಲಿನ ಮಣ್ಣಿನಲ್ಲಿ ಕ್ಯಾಪ್ಟನ್ ಟ್ಯಾನರ್ ಅವರ ಉಂಗುರ ಸಿಕ್ಕಿತು. ಅದು ಅಮೆರಿಕದಲ್ಲಿದ್ದ ಅವರ ಮಗಳ ಕೈ ಸೇರಿತು. ಇಂಥ ವಸ್ತುಗಳು ಈ ಮಣ್ಣಿನೊಳಗೆ ಇನ್ನೂ ಇರಬಹುದು, ಅವಕ್ಕಾಗಿ ಕಾಯುವ ಕುಟುಂಬಗಳೂ ಇರಬಹುದು. ಪೀಟ್ ಕೊಚ್ಚಿಹೋಗಿ ಹೊಸದಾಗಿ ಏನಾದರೂ ಹೊರಗೆ ಕಂಡರೆ ಫೋಟೋ ತೆಗೆದು, ಗ್ರಿಡ್ ಸಂಖ್ಯೆ ಸಮೇತ ನ್ಯಾಷನಲ್ ಪಾರ್ಕ್ ರೇಂಜರ್‌ಗಳಿಗೆ ತಿಳಿಸಿ. ಮನುಷ್ಯರ ಮೂಳೆಯಂಥದ್ದು ಕಂಡರೆ ನೇರ ಪೊಲೀಸರಿಗೆ.

ಹೂವು ಇಡಬೇಕು ಅನ್ನಿಸಿದರೆ ಬಿಡಿ ಹೂವು ಇಡಿ. ಪ್ಲಾಸ್ಟಿಕ್ ಹಾರ, ಗಾಜಿನ ದೀಪ ಬೇಡ. ಊದುಬತ್ತಿ ಹಚ್ಚುವ ಆಸೆಯನ್ನೂ ಬಿಡಿ, ಬೆಂಕಿಯ ವಿಷಯ ಆಗಲೇ ಹೇಳಿದೆ. ಕೈ ಮುಗಿದು ಒಂದು ನಿಮಿಷ ನಿಂತರೆ ಸಾಕಲ್ವಾ.

ತೊಂದರೆಯಾದರೆ

ಮಂಜು ಕವಿದರೆ ಮೊದಲು ನಿಂತುಬಿಡಿ. ಎಲ್ಲರೂ ಒಂದೇ ಕಡೆ ಸೇರಿ, ಬೆಚ್ಚಗೆ ಹಾಕಿಕೊಂಡು, ಕೊನೆಯದಾಗಿ ಖಚಿತವಾಗಿ ಗೊತ್ತಿದ್ದ ಗುರುತು ಯಾವುದು ಅಂತ ಮಾತಾಡಿಕೊಳ್ಳಿ. ಅಲ್ಲಿಂದ ಎಷ್ಟು ಹೊತ್ತು, ಯಾವ ದಿಕ್ಕಿಗೆ ಬಂದಿರಿ ಅಂತ ನಕ್ಷೆಯ ಮೇಲೆ ಹಾಕಿ. ಸಾಧ್ಯವಾದರೆ ಆ ಗುರುತಿಗೇ ಹಿಂದಿರುಗಿ. ನೀರು ಹರಿಯುವ ಕಡೆ ಇಳಿದರೆ ಊರು ಸಿಗುತ್ತದೆ ಅನ್ನುವ ಮಾತನ್ನು ಇಲ್ಲಿ ನಂಬಬೇಡಿ. ಈ ಬೆಟ್ಟದ ಹಳ್ಳಗಳು ಕಡಿದಾದ ಬಂಡೆಗಳ ನಡುವೆ ಇಳಿಯುತ್ತವೆ. ಹರ್ನ್ ಕ್ಲಫ್ ನೀರಿನ ಜೊತೆ ಹೋದರೆ ನಿಮ್ಮ ಕಾರಿನಿಂದ ದೂರ, ಆಲ್‌ಪೋರ್ಟ್ ಕಣಿವೆಯ ಕಡೆ ಹೋಗಿಬಿಡುತ್ತೀರಿ.

ಪೆಟ್ಟಾದರೆ, ನಡೆಯಲು ಆಗದಿದ್ದರೆ 999ಕ್ಕೆ ಕರೆ ಮಾಡಿ. ಮೊದಲು ‘ಪೊಲೀಸ್’ ಕೇಳಿ, ಆಮೇಲೆ ‘ಮೌಂಟನ್ ರೆಸ್ಕ್ಯೂ’ ಬೇಕು ಅನ್ನಿ. ಆ್ಯಂಬುಲೆನ್ಸ್ ಅಂತ ಕೇಳಿದರೆ ತಡವಾಗಬಹುದು. ಗ್ರಿಡ್ ಸಂಖ್ಯೆ, ಎಷ್ಟು ಜನ, ಏನಾಗಿದೆ, ಫೋನಿನಲ್ಲಿ ಎಷ್ಟು ಚಾರ್ಜ್ ಇದೆ ಹೇಳಿ. ಮಾತು ಸರಿಯಾಗಿ ಕೇಳದ ಕಡೆ ಮೆಸೇಜ್ ಕಳಿಸಬಹುದು, ಆದರೆ ಅದಕ್ಕೆ ಮುಂಚೆಯೇ ನೋಂದಾಯಿಸಿರಬೇಕು. ‘ರಿಜಿಸ್ಟರ್’ ಅಂತ ಇಂಗ್ಲಿಷ್‌ನಲ್ಲಿ ಟೈಪ್ ಮಾಡಿ 999ಕ್ಕೆ ಕಳಿಸಿದರೆ ಉತ್ತರ ಬರುತ್ತದೆ. ಇದನ್ನು ಇವತ್ತೇ ಮಾಡಿಡಿ. ಫೋನೇ ಇಲ್ಲದಿದ್ದರೆ ಸೀಟಿ ಆರು ಸಲ ಊದಿ ಒಂದು ನಿಮಿಷ ಬಿಡಿ, ಮತ್ತೆ ಆರು ಸಲ. ಟಾರ್ಚಿನಲ್ಲೂ ಹಾಗೆಯೇ.

ಬರುವವರು ಗ್ಲಾಸಪ್ ಮೌಂಟನ್ ರೆಸ್ಕ್ಯೂ ತಂಡದಂಥವರು. ಸಂಬಳ ಇಲ್ಲದ ಸ್ವಯಂಸೇವಕರು. ನಿಮ್ಮ ಹತ್ತಿರ ಒಂದು ಪೈಸೆ ಕೇಳುವುದಿಲ್ಲ. 1948ರಲ್ಲಿ ಈ ಬಿ-29 ಕಳೆದುಹೋದಾಗ ಹತ್ತಿರದಲ್ಲೇ ತರಬೇತಿ ಮುಗಿಸುತ್ತಿದ್ದ ವಾಯುಪಡೆಯ ಬೆಟ್ಟ ರಕ್ಷಣಾ ತಂಡವೇ ಮೊದಲು ಇಲ್ಲಿಗೆ ಹತ್ತಿ ಬಂದದ್ದು. ತಂಡಗಳಿಗೆ ದೇಣಿಗೆ ಕೊಡಲು ಅವಕಾಶ ಇರುತ್ತದೆ, ಕೈಲಾದಷ್ಟು ಕೊಡಿ.

ಇಳಿದ ಮೇಲೆ

ಹೊರಡುವಾಗ ಮನೆಯಲ್ಲೋ ಗೆಳೆಯರಿಗೋ ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸ್ ಅಂತ ಹೇಳಿರುತ್ತೀರಲ್ಲ, ಕಾರಿನ ಹತ್ತಿರ ಬಂದ ತಕ್ಷಣ ಅವರಿಗೆ ಮೆಸೇಜ್ ಹಾಕಿ. ಮರೆತು ಮಲಗಿಬಿಟ್ಟರೆ ಸುಮ್ನೆ ಹತ್ತಾರು ಜನ ರಾತ್ರಿ ಬೆಟ್ಟ ಹತ್ತಬೇಕಾಗುತ್ತದೆ.

ಮನೆಗೆ ಬಂದು ಮೊಣಕಾಲಿನ ಹಿಂದೆ, ಕಂಕುಳು, ಸೊಂಟದ ಸುತ್ತ ಉಣುಗು ಇದೆಯಾ ನೋಡಿಕೊಳ್ಳಿ. ಇದ್ದರೆ ಚಿಮಟಿಗೆಯಲ್ಲಿ ಚರ್ಮಕ್ಕೆ ತಾಗಿಸಿ ಹಿಡಿದು ಮೆಲ್ಲಗೆ ಮೇಲಕ್ಕೆ ಎಳೆಯಿರಿ. ಎಣ್ಣೆ ಹಚ್ಚುವುದು, ಸುಡುವುದು ಬೇಡ. ಮುಂದಿನ ವಾರಗಳಲ್ಲಿ ಕಚ್ಚಿದ ಜಾಗದ ಸುತ್ತ ಕೆಂಪಗೆ ಹರಡಿದರೆ ಡಾಕ್ಟರಿಗೆ ತೋರಿಸಿ, ಬೆಟ್ಟಕ್ಕೆ ಹೋಗಿದ್ದನ್ನು ಹೇಳಿ. ಬೂಟಿನ ಪೀಟ್ ಒಣಗುವ ಮುಂಚೆ ತೊಳೆದು ನೆರಳಲ್ಲಿ ಒಣಗಿಸಿ. ಮುಂದಿನ ಸಲ ಜೇಮ್ಸಸ್ ಥಾರ್ನ್‌ಗೆ ಅದೇ ಬೂಟು ಬೇಕು.